ಏಳು ಲೇಪದ ಬಿಲ್ಲು

ನವಿಲುಗುಡ್ಡದ ಕೋಟೆಗೆ ಹೋಗುವ ದಾರಿಯಲ್ಲಿ, ಬಾಗಿಲೇ ಇಲ್ಲದ ಒಂದು ಕಲ್ಲುಮಂಟಪದಲ್ಲಿ ಮೇಣದ ತಾಯಿಯವರು ವಾಸವಾಗಿದ್ದರು. ಹುಳ ಎದ್ದುಹೋದ ಬರಿ ಜೇನುಹುಟ್ಟುಗಳನ್ನು ಗುಡ್ಡದಿಂದ ಆಯ್ದು ತಂದು, ಕರಗಿಸಿ, ಸೋಸಿ, ಉಂಡೆ ಕಟ್ಟಿ ಕೇಳಿದವರಿಗೆ ಕೊಡುವುದೇ ಅವರ ಪೂಜೆ. ಉಪದೇಶವೂ ಅಷ್ಟೇ. ಆ ಸೀಮೆಯಲ್ಲಿ ಹೊಸ ಬಿಲ್ಲಿಗೆ ಹೆದೆ ಏರಿಸುವ ಮೊದಲು, ತಾಯಿಯವರ ಅಂಗೈಯಿಂದ ಕೊನೆಯ ಮೇಣ ಹಚ್ಚಿಸುವುದು ರೂಢಿಯಾಗಿತ್ತು.

ಬಿಲ್ಲುಗಾರ ಗಾದ್ರಪ್ಪನಿಗೆ ಮಾತ್ರ ಈ ರೂಢಿ ಸೇರದು. "ಆ ಕೈ ತಾಗಿದ್ದೆಲ್ಲ ಗಟ್ಟಿಯಾಗುವುದಾದರೆ ಮೊದಲು ನಮ್ಮ ಮಾಳಿಗೆಗೆ ಹಚ್ಚಿಸುತ್ತೇನೆ, ಮೂರು ವರ್ಷದಿಂದ ಸೋರುತ್ತಿದೆ" ಎನ್ನುತ್ತಿದ್ದ.

ಆ ವರ್ಷ ದೊರೆ ಡಂಗುರ ಹೊಡೆಸಿದರು: ಗುರಿಯ ಪಂದ್ಯದಲ್ಲಿ ಗೆದ್ದವನೇ ಕೋಟೆಯ ಬಿಲ್ಲಾಳುಗಳ ನಾಯಕ. ಊರಿನ ಕಣ್ಣೆಲ್ಲ ಗಾದ್ರಪ್ಪನ ಅಳಿಯ ಪಾಳಯ್ಯನ ಮೇಲೆ. ಪಂದ್ಯದ ಬೆಳಿಗ್ಗೆ ತಮಟೆ ಬಡಿಯುತ್ತ ಜನ ಹೊರಟಾಗ ಎಲ್ಲರ ಮುಂದೆ ಹೊಸ ಬಿಲ್ಲು ಹಿಡಿದು ಗಾದ್ರಪ್ಪ ನಡೆದ. ಇಂಗಳೀಕದ ಕೆಂಪು, ಅದರ ಮೇಲೆ ಅರಗಿನ ಹೊಳಪು. ನೋಡಿಕೊಂಡು ಮೀಸೆ ತಿದ್ದಿಕೊಳ್ಳಬಹುದಿತ್ತು. ತಿದ್ದಿಕೊಂಡವರೂ ಇದ್ದರು.

ಆ ಹೊಳಪಿನ ಅಡಿಯಲ್ಲಿ ಏನಿದೆ ಎಂಬುದು ಗಾದ್ರಪ್ಪನೊಬ್ಬನಿಗೇ ಗೊತ್ತು. ಅಟ್ಟದ ಮೇಲೆ ಎರಡು ಬೇಸಿಗೆ ಒಣಗಬೇಕಾದ ತಡಸಲು ಮರವನ್ನು ಅವನು ಒಲೆಯ ಪಕ್ಕದಲ್ಲಿ ಎರಡೇ ವಾರ ಒಣಗಿಸಿದ್ದ. ಹಿಡಿಯಿಂದ ಒಂದು ಗೇಣು ಮೇಲೆ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಅರಗು ತುಂಬಿ ಮುಚ್ಚಿದ್ದ. 'ಒಂದು ಪಂದ್ಯ ತಾನೇ, ತಡೆದೀತು' ಎಂದುಕೊಂಡಿದ್ದ.

ಮಂಟಪ ಬಂದೊಡನೆ ಪಾಳಯ್ಯ ನಿಂತುಬಿಟ್ಟ. "ಮಾವ, ತಾಯಿಯವರ ಕೈ ತಾಗದ ಬಿಲ್ಲು ನಾನು ಹಿಡಿಯೊಲ್ಲೆ."

"ಹೊತ್ತಾಯ್ತಪ್ಪ. ಅಲ್ಲಿ ದೊರೆ ಕೂತಿದ್ದಾರೆ."

"ದೊರೆ ದಿನಾ ಕೂರ್ತಾರೆ, ಬಿಡು ಮಾವ."

ತಾಯಿಯವರು ಬಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಮೇಣ ಸವರಿದರು. ಮೇಣ ಹಿಡಿಯಲಿಲ್ಲ, ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರಿತು.

"ಎಷ್ಟು ಲೇಪವಪ್ಪ?"

"ಏಳು, ತಾಯಿ."

"ಯಾವಾಗಲೂ ಮೂರಲ್ಲವೇ?"

"ಅಳಿಯನ ಬಿಲ್ಲು ನೋಡಿ ತಾಯಿ, ಮಾವನ ಕೈ ಧಾರಾಳ," ಎಂದ ತಮಟೆಯವನು. ಜನ ನಕ್ಕರು. ಗಾದ್ರಪ್ಪನೂ ನಕ್ಕ, ಸ್ವಲ್ಪ ಹೆಚ್ಚೇ ನಕ್ಕ.

ತಾಯಿಯವರು ನಗಲಿಲ್ಲ. ಬಿಲ್ಲನ್ನು ಅವನ ಕೈಗೇ ಮರಳಿಸಿದರು. "ಹಾಗಿದ್ದರೆ ಮೊದಲ ಎಳೆತ ನಿನ್ನದಾಗಲಿ."

ಜನಕ್ಕೆ ಹುರುಪೇರಿತು. "ಎಳಿ ಗಾದ್ರಣ್ಣ, ಕಿವಿಗೆ ತಾಗಲಿ!" ತಮಟೆ ದಡದಡ ಎದ್ದಿತು. ಗಾದ್ರಪ್ಪ ಹೆದೆ ಏರಿಸಿದ, ಎಳೆದ. ಎದೆಯವರೆಗೆ ಬಂತು. ಇನ್ನೊಂದು ಗೇಣು ಎಳೆದರೆ ಬಿರುಕು ತನ್ನ ಬಲಗಣ್ಣಿಗೆ ನೇರವಾಗಿ ನಿಲ್ಲುತ್ತದೆ; ಮುರಿದರೆ ಸಿಬಿರು ಅಲ್ಲಿಗೇ. ಈ ಲೆಕ್ಕ ಅವನು ಮೊದಲು ಹಾಕಿರಲಿಲ್ಲವೇ? ಹಾಕಿದ್ದ. ಆಗ ಆ ಕಣ್ಣು ಪಾಳಯ್ಯನದಾಗಿತ್ತು. ಎದುರಿಗೆ ಪಾಳಯ್ಯ ಹೆಮ್ಮೆಯಿಂದ ಮಾವನನ್ನೇ ನೋಡುತ್ತಿದ್ದ. ಗಾದ್ರಪ್ಪ ಮುಂದಕ್ಕೆ ಎಳೆಯಲಿಲ್ಲ. ಹೆದೆಯನ್ನು ಮೆಲ್ಲಗೆ ಸಡಿಲಿಸಿದ.

"ಇದು ಬಿರಿದಿದೆ," ಎಂದ. ತಮಟೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಪಿಸುಗುಡಬೇಕಾದ ಮಾತನ್ನು ಪಾಪ, ಕೂಗಿಯೇ ಹೇಳಬೇಕಾಯಿತು: "ಬಿರಿದಿದೆ! ನನಗೆ ಗೊತ್ತಿತ್ತು!"

ತಮಟೆ ನಿಂತಿತು. ಗಾದ್ರಪ್ಪ ತಾಯಿಯವರ ಪಾದದ ಬಳಿ ಕುಸಿದ. ಅವರು ಗದರಲಿಲ್ಲ. ಮೇಣದ ಉಂಡೆಯೊಂದನ್ನು ಅವನ ಕೈಗಿಟ್ಟು, "ಇದನ್ನು ಹಚ್ಚಿದರೂ ಮರ ಕಾಣುತ್ತದೆ," ಎಂದರು.

ಪಾಳಯ್ಯ ಕೆಂಪು ಬಿಲ್ಲಿನ ಹೆದೆ ಇಳಿಸಿ ಬದಿಗಿಟ್ಟ. ಆಮೇಲೆ ಬೆನ್ನಿಗಿದ್ದ ತನ್ನ ಹಳೆಯ ಬಿಲ್ಲನ್ನು ಬಿಚ್ಚಿಕೊಂಡು, ಮಾವನ ರಟ್ಟೆ ಹಿಡಿದು ಎಬ್ಬಿಸಿದ. "ನಡಿ ಮಾವ. ಹೊತ್ತಾಯ್ತು."

ಆ ದಿನ ಪಾಳಯ್ಯ ಮೂರನೆಯವನಾದ. ನಾಯಕತನ ಪಕ್ಕದ ಕೇರಿಗೆ ಹೋಯಿತು. ಗಾದ್ರಪ್ಪ ಕೆಂಪು ಬಿಲ್ಲಿನ ಬಿರುಕಿನ ಜಾಗವನ್ನಷ್ಟೇ ಕೆರೆದು, ಅದನ್ನು ತನ್ನ ಕೊಟ್ಟಿಗೆಯ ಬಾಗಿಲಿಗೆ ತೂಗುಹಾಕಿದ. ಮುಂದಿನ ವಾರದಿಂದಲೇ ಬಿಲ್ಲು ಬೇಕೆಂದು ಬಂದವರ ಹೆಬ್ಬೆರಳನ್ನು ಹಿಡಿದು ಆ ಬಿರುಕಿನ ಮೇಲಿಡುತ್ತಿದ್ದ. ಹೆಚ್ಚಿನವರು ಮರ ಒಣಗುವವರೆಗೆ ಕಾಯಲು ಒಪ್ಪಿ ಹೋಗುತ್ತಿದ್ದರು.

ಎರಡು ಬೇಸಿಗೆ ಕಳೆದವು. ಅಗಸೆಯೆಣ್ಣೆ ಕುಡಿದು ನಾರುನಾರೂ ಕಾಣುವ ಹೊಸ ಬಿಲ್ಲೊಂದನ್ನು ಅಳಿಯನಿಗಾಗಿ ಹೊತ್ತು ಗಾದ್ರಪ್ಪ ಮಂಟಪಕ್ಕೆ ಬಂದ. ಯಾರೂ ಹೇಳುವ ಮೊದಲೇ ಹೆದೆ ಏರಿಸಿ ಕಿವಿಯವರೆಗೆ ಎಳೆದು ತೋರಿಸಿದ. ಹೆದೆ ಇಳಿಸಿ ತಾಯಿಯವರ ಮುಂದಿಟ್ಟ. ಅವರು ಅರ್ಧದಷ್ಟು ಮೇಣ ಹಚ್ಚಿ ನಿಲ್ಲಿಸಿದರು. ಗಾದ್ರಪ್ಪ ಬಗ್ಗಿ ಮರದ ಮೇಲೆ ಮತ್ತೆ ಬಿರುಕು ಹುಡುಕಿದ.

ತಾಯಿಯವರು ಅವನ ಕೈಯನ್ನು ಎಳೆದುಕೊಂಡು, ತಮ್ಮ ಅಂಗೈಯ ಮೇಣವನ್ನು ಅವನ ಅಂಗೈಗೆ ಒರೆಸಿದರು.

ಉಳಿದರ್ಧವನ್ನು ಗಾದ್ರಪ್ಪನೇ ಹಚ್ಚಿದ. ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ. ಆದರೆ ಬಿಲ್ಲಿನ ತುದಿಯವರೆಗೂ ಅವನ ಕೈ ಎಲ್ಲಿಯೂ ತೊಡರಲಿಲ್ಲ.