ಸ್ಕ್ರೀನಿನಲ್ಲಿ ಕಾಣದ ವೃತ್ತ

"ಗುರುಗಳೇ, ಜಪಕ್ಕೆ ಕುಳಿತಾಗಲೆಲ್ಲ ಒಂದು ಮುಖ ಎದುರಿಗೆ ಬರುತ್ತದೆ. ಅದನ್ನು ಅಳಿಸುವುದು ಹೇಗೆ?"

ಕೇಳಿದವನು ಸೋಮಲಿಂಗ. ಆಶ್ರಮಕ್ಕೆ ಬರುವ ಮೊದಲು ಅವನು ಆರ್ಕಿಟೆಕ್ಟ್ ಒಬ್ಬರ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಕಟ್ಟಡಗಳ ನಕ್ಷೆ ಬರೆಯುತ್ತಿದ್ದ. ಮುಂದಿನ ಹುಣ್ಣಿಮೆಗೆ ಅವನ ದೀಕ್ಷೆ ಎಂದು ಗೊತ್ತಾಗಿತ್ತು.

"ಯಾರ ಮುಖ?" ಎಂದು ಗುರುಗಳು ಕೇಳಿದರು.

"ಯಾರದೋ ಒಂದು. ಅದು ಮುಖ್ಯವಲ್ಲ. ಮಾಡುವುದನ್ನೆಲ್ಲ ಮಾಡಿ ನೋಡಿದೆ. ಕೂರುವ ಜಾಗ ಬದಲಿಸಿದೆ, ಹೊತ್ತು ಬದಲಿಸಿದೆ, ಉಪವಾಸವಿದ್ದೆ. ಹೋಗುತ್ತಿಲ್ಲ. ಮನಸ್ಸು ಶುದ್ಧವಾದಷ್ಟೂ ಅದು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತಿದೆ."

ಗುರುಗಳು ನಕ್ಕರು. "ಹಾಗಾದರೆ ನಿನ್ನ ಕಸುಬಿನ ಕತೆಯನ್ನೇ ಹೇಳುತ್ತೇನೆ. ಈ ಮುದುಕನಿಗೆ ಪ್ಲಾಟರ್ ವಿಷಯ ಏನು ಗೊತ್ತು ಎಂದು ಹುಬ್ಬು ಏರಿಸಬೇಡ. ನಮ್ಮ ಅಡುಗೆಮನೆ ಕಟ್ಟಿಸುವಾಗ ಒಂದು ನಕ್ಷೆಗಾಗಿ ಆ ಯಂತ್ರದ ಮುಂದೆ ನಾಲ್ಕು ದಿನ ಕಾದು ಕುಳಿತವನು ನಾನು" ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ರಿಪೇರಿಯವನಿದ್ದ. ದೊಡ್ಡ ಹಾಳೆಯ ಮೇಲೆ ನಕ್ಷೆ ಮೂಡಿಸುವ ಪ್ಲಾಟರುಗಳನ್ನು ಸರಿಮಾಡುವುದರಲ್ಲಿ ಅವನದು ಎತ್ತಿದ ಕೈ. ಅವನು ಮುಟ್ಟಿದ ಯಂತ್ರ ಸರಿಯಾಗದೆ ಉಳಿದದ್ದಿಲ್ಲ. ಇದನ್ನು ಊರವರೂ ಹೇಳುತ್ತಿದ್ದರು, ಅವನೂ ಹೇಳಿಕೊಳ್ಳುತ್ತಿದ್ದ.

ಒಂದು ದಿನ ಒಬ್ಬ ಆರ್ಕಿಟೆಕ್ಟ್ ಅವನನ್ನು ಕರೆಸಿದ. ಅವನ ಕಚೇರಿಯಲ್ಲಿ ಆಗ ಒಂದು ಶಿಶುವಿಹಾರದ ನಕ್ಷೆಗಳು ಸಿದ್ಧವಾಗುತ್ತಿದ್ದವು. ಪ್ರತಿ ಹಾಳೆಯ ಮೇಲೂ ಒಂದೇ ಜಾಗದಲ್ಲಿ ಒಂದು ಸಣ್ಣ ವೃತ್ತ ಬೀಳುತ್ತಿತ್ತು. ನೆಲದ ನಕ್ಷೆಯಲ್ಲಿಯೂ ಇತ್ತು, ತಳಪಾಯದ ನಕ್ಷೆಯಲ್ಲಿಯೂ ಇತ್ತು, ದೀಪ ಫ್ಯಾನುಗಳ ನಕ್ಷೆಯಲ್ಲಿಯೂ ಇತ್ತು. ಬಹಳ ಮಸುಕಾಗಿತ್ತು. ಯಾರೋ ಹಾಳೆಯ ಮೇಲೆ ಒದ್ದೆ ಲೋಟ ಇಟ್ಟು ತೆಗೆದಂತಿತ್ತು. ಕಂಪ್ಯೂಟರಿನ ಸ್ಕ್ರೀನಿನ ಮೇಲೆ ಅಂಥದ್ದೇನೂ ಇರಲಿಲ್ಲ.

ಒಂದೇ ಜಾಗದಲ್ಲಿ ಗುರುತು ಬಿದ್ದರೆ ಅದು ಹಾಳೆ ಎಳೆಯುವ ರೋಲರಿನ ದೋಷ. ಇದು ಆ ಕಸುಬಿನವರಿಗೆಲ್ಲ ಗೊತ್ತಿರುವ ಮಾತು. ರಿಪೇರಿಯವನು ಯಂತ್ರ ಬಿಚ್ಚಿ ರೋಲರುಗಳನ್ನು ಒರೆಸಿದ. ಶಾಯಿ ಚಿಮ್ಮುವ ಹೆಡ್ಡನ್ನು ತೊಳೆದು ಕಟ್ಟಿದ್ದ ರಂಧ್ರಗಳನ್ನೆಲ್ಲ ತೆರೆದ. ಮತ್ತೆ ಪ್ರಿಂಟ್ ಹಾಕಿದ. ಗೋಡೆಗಳ ಗೆರೆಗಳು ಚೂಪಾಗಿ ಬಂದವು. ವೃತ್ತವೂ ಚೂಪಾಗಿ ಬಂತು.

ಅವನು ಹಳೆಯ ಶಾಯಿ ತೆಗೆದು ಹೊಸದನ್ನು ಹಾಕಿದ. ಈಗ ವೃತ್ತದ ಒಳಗೆಲ್ಲ ಕಪ್ಪು ತುಂಬಿಕೊಂಡು ಬಂತು. ಉಳಿದ ಗೆರೆಗಳು ಆಗಲೇ ಒಣಗಿದ್ದವು. ಅದೊಂದು ಜಾಗ ಮಾತ್ರ ಸಂಜೆಯಾದರೂ ಒಣಗಲಿಲ್ಲ. ಬೆರಳಿಟ್ಟರೆ ತಣ್ಣಗಿತ್ತು.

ರಿಪೇರಿಯವನಿಗೆ ರೋಷ ಬಂತು. ಅವನು ಯಂತ್ರದ ನೆನಪಿನಲ್ಲಿ ಉಳಿದಿದ್ದ ಹಳೆಯ ಕೆಲಸಗಳನ್ನೆಲ್ಲ ಅಳಿಸಿದ. ಕಂಪ್ಯೂಟರಿನಿಂದ ಯಂತ್ರಕ್ಕೆ ಹೋಗುವ ತಂತಿ ಬದಲಿಸಿದ. ಕೊನೆಗೆ ತನ್ನ ಮನೆಯಿಂದಲೇ ಇನ್ನೊಂದು ಪ್ಲಾಟರ್ ಹೊತ್ತು ತಂದು ಜೋಡಿಸಿದ. ಕಚೇರಿಯ ಜನ ಕೆಲಸ ಬಿಟ್ಟು ಬಂದು ಸುತ್ತಲೂ ನಿಂತರು. ಹಾಳೆ ನಿಧಾನವಾಗಿ ಹೊರಗೆ ಬಂತು. ಮೊದಲು ಗೇಟು ಬಂತು, ಆಮೇಲೆ ಮೆಟ್ಟಿಲು, ಆಮೇಲೆ ಮಕ್ಕಳು ಕೂರುವ ದೊಡ್ಡ ಕೋಣೆ. ಕೋಣೆಯ ನಡುವೆ ಕಪ್ಪು ವೃತ್ತ ಬಂತು.

ಇಲ್ಲಿ ಸೋಮಲಿಂಗನಿಗೆ ತಡೆದುಕೊಳ್ಳಲಾಗಲಿಲ್ಲ. "ಯಂತ್ರದಲ್ಲಿ ಏನೂ ಇಲ್ಲ ಗುರುಗಳೇ. ಅದು ಫೈಲಿನಲ್ಲೇ ಇದೆ. ಅಷ್ಟೂ ಹೊಳೆಯಲಿಲ್ಲವೇ ಅವನಿಗೆ?" ಎಂದ.

"ನಿನಗೆ ಬೇಗ ಹೊಳೆಯಿತು. ಬೇರೆಯವರ ನಕ್ಷೆಯಲ್ಲಿ ಎಲ್ಲರಿಗೂ ಬೇಗ ಹೊಳೆಯುತ್ತದೆ" ಎಂದು ಗುರುಗಳು ಮುಂದುವರಿಸಿದರು.

ರಿಪೇರಿಯವನು ಯಂತ್ರದ ಮನುಷ್ಯ. ನಕ್ಷೆಯೊಳಗೆ ಮೂಗು ತೂರಿಸುವುದು ತನ್ನ ಕೆಲಸವಲ್ಲ ಎಂದುಕೊಂಡಿದ್ದ. ಆದರೆ ಬೇರೆ ದಾರಿ ಉಳಿಯಲಿಲ್ಲ. ಒಳ್ಳೆಯ ದಪ್ಪ ಹಾಳೆ ಹಾಕಿ, ಯಂತ್ರದಿಂದ ಎಷ್ಟು ಸೂಕ್ಷ್ಮವಾಗಿ ಮೂಡಿಸಲು ಸಾಧ್ಯವೋ ಅಷ್ಟು ಸೂಕ್ಷ್ಮವಾಗಿ ಒಂದು ಪ್ರಿಂಟ್ ತೆಗೆದ. ವೃತ್ತದ ಪಕ್ಕದಲ್ಲಿ ಅದುವರೆಗೆ ಧೂಳಿನಂತೆ ಕಂಡದ್ದು ಅಕ್ಷರಗಳಾಗಿತ್ತು. ಭೂತಗನ್ನಡಿ ಹಿಡಿದು ಓದಿದ.

"ಹಳೆಯ ಬಾವಿ. ಮೇಲೆ ಚಪ್ಪಡಿ ಮುಚ್ಚಿದೆ. ಆಳ ಸಿಗಲಿಲ್ಲ."

ಆರ್ಕಿಟೆಕ್ಟನ ಮುಖ ಬಿಳಿಚಿಕೊಂಡಿತು. ಆ ಜಾಗವನ್ನು ಅಳೆದು ನಕ್ಷೆಗೆ ಇಳಿಸಿದವಳು ಅದೇ ಕಚೇರಿಯ ಒಬ್ಬ ಹೆಂಗಸು. ಬಾವಿ ಇದೆ ಎಂದು ಆಕೆ ಹೇಳಿದ್ದಳು. ನಕ್ಷೆಯಲ್ಲಿ ಬಾವಿ ಕಂಡರೆ ಅಲ್ಲಿ ಕಟ್ಟಲು ಅನುಮತಿ ಸಿಗುವುದಿಲ್ಲ. ಬಾವಿಯೂ ಇಲ್ಲ ಗೀವಿಯೂ ಇಲ್ಲ, ತೆಗೆದುಹಾಕು ಎಂದು ಜಾಗದ ಯಜಮಾನ ಗದರಿದ. ಆರ್ಕಿಟೆಕ್ಟೂ ಹೂಂ ಎಂದ. ಆಕೆ ತೆಗೆದೆ ಎಂದಳು. ಎಲ್ಲರೂ ಸ್ಕ್ರೀನ್ ನೋಡಿದರು. ಬಾವಿ ಇರಲಿಲ್ಲ. ಆ ತಿಂಗಳೇ ಆಕೆ ಜ್ವರ ಬಂದು ತೀರಿಕೊಂಡಿದ್ದಳು.

ರಿಪೇರಿಯವನು ಆಕೆ ಕುಳಿತಿದ್ದ ಕುರ್ಚಿಯಲ್ಲಿ ಕುಳಿತು ಫೈಲ್ ತೆರೆದ. ಆ ಕಚೇರಿಯಲ್ಲಿ ಎಲ್ಲರೂ ಕಪ್ಪು ಸ್ಕ್ರೀನಿನ ಮೇಲೆ ಬಣ್ಣದ ಗೆರೆಗಳಲ್ಲಿ ಬರೆಯುತ್ತಿದ್ದರು. ಅವನು ಸ್ವಲ್ಪ ಯೋಚಿಸಿ ಸ್ಕ್ರೀನಿನ ಕಪ್ಪನ್ನು ಬಿಳಿ ಮಾಡಿದ. ಬಾವಿ ಎದುರಿಗೆ ಬಂತು. ಆಕೆ ಅದನ್ನು ತೆಗೆದಿರಲಿಲ್ಲ. ಅದಕ್ಕೆ ಕಪ್ಪು ಬಣ್ಣ ಕೊಟ್ಟಿದ್ದಳು. ಕಪ್ಪಿನ ಮೇಲಿನ ಕಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಬಿಳಿ ಹಾಳೆಯ ಮೇಲೆ ಮಾತ್ರ ಅದು ಕಾಣುತ್ತಿತ್ತು. ನೌಕರಿಯನ್ನೂ ಬಿಡಲಾರದೆ, ಸುಳ್ಳನ್ನೂ ಬರೆಯಲಾರದೆ ಆ ಹೆಂಗಸು ಮಾಡಿದ ಉಪಾಯ ಅದು.

"ಸಾರ್, ಇದರ ಮೇಲೆ ಮಕ್ಕಳು ಕೂರ್ತವೆ" ಎಂದ ರಿಪೇರಿಯವನು.

"ನೀವು ಬಂದಿರೋದು ಮಿಷನ್ ರಿಪೇರಿಗೆ. ಹಾಳೆ ಕ್ಲೀನಾಗಿ ಬರ್ಬೇಕು, ಅಷ್ಟೇ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿ, ಬೇರೆಯವರನ್ನ ಕರೆಸ್ತೀನಿ" ಎಂದ ಆರ್ಕಿಟೆಕ್ಟ್.

ಆಗಲ್ಲ ಎನ್ನುವ ಮಾತು ರಿಪೇರಿಯವನಿಗೆ ಚುಚ್ಚಿತು. ಅವನ ಕೈಯಲ್ಲಿ ಆಗದ ಕೆಲಸ ಇದೆ ಎಂದು ಊರು ಮಾತಾಡಿಕೊಳ್ಳಬಾರದು. ಅವನು ವೃತ್ತವನ್ನು ಅಳಿಸಿದ. ಅಕ್ಷರಗಳನ್ನು ಅಳಿಸಿದ. ಅಳಿಸಿದ್ದರ ಗುರುತೂ ಉಳಿಯದಂತೆ ಫೈಲನ್ನು ಜಾಲಾಡಿ ಶುದ್ಧಮಾಡಿದ. ಅದರ ಹಳೆಯ ಪ್ರತಿಗಳನ್ನೂ ಹುಡುಕಿ ತೆಗೆದ. ಕೆಟ್ಟ ಹಾಳೆಗಳನ್ನೆಲ್ಲ ಚೂರುಚೂರು ಮಾಡಿದ. ಅರೆಬರೆ ಕೆಲಸ ಅವನಿಗೆ ಆಗುತ್ತಿರಲಿಲ್ಲ.

ಆಮೇಲೆ ಪ್ರಿಂಟ್ ಹಾಕಿದ. ಹೆಡ್ಡು ಅತ್ತಿಂದಿತ್ತ ಓಡುತ್ತಿತ್ತು. ಆ ಜಾಗಕ್ಕೆ ಬಂದಾಗ ಯಂತ್ರದ ಸದ್ದು ಸ್ವಲ್ಪ ಇಳಿಯಿತು. ಮತ್ತೆ ಸರಿಹೋಯಿತು. ಹಾಳೆ ಹೊರಗೆ ಬಂತು. ಕೋಣೆಯ ನಡುವೆ ಏನೂ ಇರಲಿಲ್ಲ. ಎಲ್ಲರೂ ಅವನ ಬೆನ್ನು ತಟ್ಟಿದರು. ಅವನು ಕೈ ತೊಳೆದುಕೊಂಡು ಮನೆಗೆ ಹೋದ.

ಶಿಶುವಿಹಾರ ಎದ್ದಿತು. ಕಂಬಗಳು ಕೋಣೆಯ ಮೂಲೆಗಳಲ್ಲಿ ಬಂದವು. ನಡುವೆ ಯಾರೂ ಅಗೆಯಲಿಲ್ಲ. ಮಣ್ಣು ತುಂಬಿ ನೆಲ ಹಾಕಿದರು. ನೋಡಲು ಚೆನ್ನಾಗಿಯೇ ಇತ್ತು.

ಒಂದು ವರ್ಷ ಕಳೆಯಿತು. ಶಾಲೆಯ ಸಣ್ಣ ಪ್ರಿಂಟರ್ ಕೆಟ್ಟಿತೆಂದು ರಿಪೇರಿಯವನಿಗೇ ಕರೆ ಬಂತು. ಅವನು ಬೆಳಿಗ್ಗೆ ಹೋದ. ದೊಡ್ಡ ಕೋಣೆಯಲ್ಲಿ ಮಕ್ಕಳು ನೆಲದ ಮೇಲೆ ಕುಳಿತು ಪದ್ಯ ಹೇಳುತ್ತಿದ್ದರು. ಅವನು ಬಾಗಿಲಲ್ಲೇ ನಿಂತ. ಮಕ್ಕಳು ಒತ್ತೊತ್ತಾಗಿ ಕುಳಿತಿದ್ದರು. ಕೆಲವರು ಒಬ್ಬರ ತೊಡೆಯ ಮೇಲೆ ಒಬ್ಬರು ಕುಳಿತಿದ್ದರು. ಆದರೆ ಕೋಣೆಯ ನಡುವೆ ಒಂದಿಷ್ಟು ಜಾಗ ಖಾಲಿ ಇತ್ತು. ಖಾಲಿ ಜಾಗ ದುಂಡಗಿತ್ತು.

ಅವನು ಆಯಾಳನ್ನು ಕೇಳಿದ. "ಏನೋ ಸಾರ್, ಸ್ಕೂಲು ಶುರುವಾದ ದಿನದಿಂದ ಹಿಂಗೇ. ಯಾರೂ ಹೇಳ್ಕೊಟ್ಟಿಲ್ಲ. ಅಲ್ಲಿ ಕೂತ್ಕೊಳ್ರೋ ಅಂದ್ರೆ ಅಳ್ತವೆ. ನೆಲ ಬೇರೆ ಎಷ್ಟು ಒರೆಸಿದ್ರೂ ಒದ್ದೆ" ಎಂದಳು.

ರಿಪೇರಿಯವನು ಮಕ್ಕಳ ನಡುವೆ ಹೋಗಿ ಮಂಡಿಯೂರಿದ. ಸ್ಕ್ರೂಡ್ರೈವರಿನ ಹಿಡಿಯಿಂದ ಪಕ್ಕದ ನೆಲ ಕುಟ್ಟಿದ. ಟಕ್ ಎಂದಿತು. ಖಾಲಿ ಜಾಗದಲ್ಲಿ ಕುಟ್ಟಿದ. ಸದ್ದು ಕೆಳಗೆ ಹೋಯಿತು. ಅವನು ಕಾದ. ಸ್ವಲ್ಪ ಹೊತ್ತಾದ ಮೇಲೆ, ಕೆಳಗಿನಿಂದ ಯಾರೋ ಮೆಲ್ಲಗೆ ಕುಟ್ಟಿದಂತೆ, ಅದು ಮರಳಿ ಬಂತು. ಮಕ್ಕಳು ಪದ್ಯ ನಿಲ್ಲಿಸಿದ್ದರು. ಒಂದು ಮಗು ಎದ್ದು ಬಂದು ಅವನ ಅಂಗಿಯ ತುದಿ ಹಿಡಿದು ಈಚೆಗೆ ಎಳೆಯಿತು.

ಅವನು ಆರ್ಕಿಟೆಕ್ಟನ ಕಚೇರಿಗೆ ಓಡಿದ. ಬಾವಿ, ಬಾವಿ ಎಂದು ಕೂಗಿದ. ಆರ್ಕಿಟೆಕ್ಟ್ ಬೀರುವಿನಿಂದ ನಕ್ಷೆ ತೆಗೆದು ಮೇಜಿನ ಮೇಲೆ ಹಾಸಿದ. "ಎಲ್ಲಿದೆ ತೋರಿಸಿ. ನೀವೇ ಸರಿಮಾಡಿಕೊಟ್ಟ ಹಾಳೆ ಇದು" ಎಂದ.

ಅವನು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. ಫೈಲ್ ತೆರೆದು ಸ್ಕ್ರೀನನ್ನು ಬಿಳಿ ಮಾಡಿ ನೋಡಿದ. ಏನೂ ಇರಲಿಲ್ಲ. ಅವನ ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು. ಶಾಲೆಯ ಮುಖ್ಯಸ್ಥೆಯ ಬಳಿ ಹೋಗಿ ಕೈಮುಗಿದ. ಪ್ರಿಂಟರ್ ರಿಪೇರಿಯವನ ಮಾತು ಕೇಳಿ ನೆಲ ಒಡೆಯಲು ಆಗುತ್ತದೆಯೇ ಎಂದು ಆಕೆ ಕೇಳಿದಳು. ಅನುಮತಿ ಕೊಟ್ಟ ಕಚೇರಿಗೆ ಹೋದ. ಅವರೂ ಅದೇ ಹಾಳೆ ತೆಗೆದು ತೋರಿಸಿದರು. ಮೂರನೆಯ ಸಲ ಹೋದಾಗ ಶಾಲೆಯ ಕಾವಲುಗಾರ ಅವನನ್ನು ಗೇಟಿನೊಳಗೆ ಬಿಡಲಿಲ್ಲ. ಈಗಲೂ ಅವನು ದಿನಾ ಬೆಳಿಗ್ಗೆ ಗೇಟಿನ ಹೊರಗೆ ನಿಲ್ಲುತ್ತಾನೆ. ತಲೆ ಕೆಟ್ಟಿದೆ ಎನ್ನುತ್ತಾರೆ.

ಗುರುಗಳು ಕತೆಯನ್ನು ಅಲ್ಲಿಗೆ ಮುಗಿಸಿದರು.

"ಆ ಮಕ್ಕಳು?" ಎಂದು ಸೋಮಲಿಂಗ ಕೇಳಿದ.

"ಶಾಲೆ ಇವತ್ತೂ ನಡೆಯುತ್ತಿದೆ. ಈ ವರ್ಷ ಇನ್ನೂ ಹೆಚ್ಚು ಮಕ್ಕಳು ಸೇರಿದ್ದಾರೆ. ಕೂರಲು ಜಾಗ ಸಾಲುತ್ತಿಲ್ಲವಂತೆ."

ಸೋಮಲಿಂಗ ಮೆಲ್ಲಗೆ, "ಆದರೂ ಗುರುಗಳೇ, ನನ್ನ ಪ್ರಶ್ನೆ ಹಾಗೆಯೇ ಉಳಿಯಿತು. ದೀಕ್ಷೆಗೆ ಹೆಚ್ಚು ದಿನಗಳಿಲ್ಲ. ಅಳಿಸುವುದು ಹೇಗೆಂದು ನೀವು ಹೇಳಲೇ ಇಲ್ಲ" ಎಂದ.

ಗುರುಗಳು ಹೇಳಿದರು: "ಅಳಿಸುವುದನ್ನು ಈಗಲೇ ಕಲಿಸುತ್ತೇನೆ, ಆ ಮುಖದ ಮೇಲೆ ಏನು ಕಟ್ಟಲು ಹೊರಟಿದ್ದೀಯ ಎಂದು ಹೇಳು."