ಬೆಣ್ಣಪ್ಪ ಮೇಷ್ಟ್ರ ತಾಲೀಮು

ಮೊದಲು ಒಂದು ಒಗಟು. ಓಡುವವರಿಗೆ ಓಟ ಕಲಿಸುತ್ತಾನೆ, ಈಜುವವರಿಗೆ ಈಜು ಕಲಿಸುತ್ತಾನೆ. ಕಲಿತವರೆಲ್ಲ ಸೋಲುತ್ತಾರೆ, ಕಲಿಸಿದವನು ಗೆಲ್ಲುತ್ತಾನೆ. ಯಾರವನು? ತಲೆ ಕೆರೆದುಕೊಳ್ಳಬೇಡಿ, ಕೂದಲು ಉದುರುತ್ತೆ. ನಿಮಗೆ ಗೊತ್ತಾಗಲ್ಲ. ಒಂದು ಇಡೀ ಕಾಡಿಗೇ ವರ್ಷಗಟ್ಟಲೆ ಗೊತ್ತಾಗಿರಲಿಲ್ಲ.

ಆ ಕಾಡಿನಲ್ಲಿ ಸಮತಟ್ಟು ನೆಲ ಅನ್ನೋದೇ ಇರಲಿಲ್ಲ. ಒಂದು ಗುಡ್ಡ, ಅದರ ಬುಡದಲ್ಲಿ ಒಂದು ಕೆರೆ. ಮತ್ತೆ ಗುಡ್ಡ, ಮತ್ತೆ ಕೆರೆ. ಮಳೆಗಾಲ ಬಂತೆಂದರೆ ಕೆರೆಗಳೆಲ್ಲ ಉಕ್ಕಿ ಬಿಲದೊಳಕ್ಕೆ ನೀರು ನುಗ್ಗುತ್ತಿತ್ತು. ಆಗಲೂ ಒಣಗಿರುವ ಜಾಗ ಒಂದೇ ಒಂದು. ದೊಡ್ಡಕೆರೆಯ ಆಚೆ ದಡದ ಮೇಲಿದ್ದ ಬಂಡೆಗವಿ. ಅದರೊಳಗೆ ಬೆಣ್ಣಪ್ಪ ಎಂಬ ನರಿ ಕಾಲು ಚಾಚಿ ಮಲಗಿರುತ್ತಿದ್ದ.

ಗವಿಗಾಗಿ ವರ್ಷ ವರ್ಷ ಕಚ್ಚಾಟ. ನೋಡಿ ನೋಡಿ ಸಾಕಾದ ಆನೆಯಜ್ಜಿ ಒಂದು ಕಟ್ಟಳೆ ಮಾಡಿದಳು. ಮಳೆಗೆ ಮುಂಚೆ ಮೂರಾಟದ ಪಂದ್ಯ. ಸಾಲುಗುಡ್ಡಗಳನ್ನು ಹತ್ತಿ ಇಳಿದು ಓಡಬೇಕು. ಕೊನೇ ಗುಡ್ಡದ ನೆತ್ತಿಯಿಂದ ಬುಡದವರೆಗೆ ಉರುಳಬೇಕು. ಆಮೇಲೆ ದೊಡ್ಡಕೆರೆ ಈಜಿ ಆಚೆ ದಡ ಮುಟ್ಟಬೇಕು. ಉರುಳೋದು ಯಾಕೆ ಅಂತ ಕೇಳಬೇಡಿ. ಮನುಷ್ಯರಿಗೆ ಸೈಕಲ್ ಇದೆ, ಪ್ರಾಣಿಗಳಿಗೆ ಬೆನ್ನಿದೆ.

"ಮೂರೂ ಮುಗಿಸಿ ಮೊದಲು ದಡ ಮುಟ್ಟಿದವರಿಗೆ ಗವಿ. ಯಾರೂ ಮುಗಿಸದಿದ್ದರೆ ಈಗಿದ್ದವರೇ ಇರಲಿ. ಮತ್ತೆ ಪಂದ್ಯ ಮುಗಿಯೋವರೆಗೆ ಯಾರೂ ಯಾರನ್ನೂ ತಿನ್ನೋ ಹಾಗಿಲ್ಲ" ಎಂದಳು ಅಜ್ಜಿ.

ಅವತ್ತೇ ಬೆಣ್ಣಪ್ಪ ಒಂದು ಮುತ್ತುಗದೆಲೆಯನ್ನು ಶಾಲಿನ ಹಾಗೆ ಹೆಗಲಿಗೆ ಹಾಕಿಕೊಂಡು ಊಳಿಟ್ಟ. "ಕೇಳ್ರಪ್ಪೋ! ಪಂದ್ಯಕ್ಕೆ ನಾನೇ ತಾಲೀಮು ಕೊಡ್ತೀನಿ. ಬಿಟ್ಟಿ!"

"ಅಬ್ಬಾ, ಎಂಥಾ ದೊಡ್ಡ ಮನಸ್ಸು!" ಎಂದಿತು ಕಾಡು. ಅಂದಿನಿಂದ ಅವನು ಬೆಣ್ಣಪ್ಪ ಮೇಷ್ಟ್ರು. ಅಂದಿನಿಂದ ಪಂದ್ಯ ಮುಗಿಸಿದವರು ಒಬ್ಬರೂ ಇಲ್ಲ.

ಈ ವರ್ಷ ಗರಿಕೆ ಎಂಬ ಮೊಲ ಪಂದ್ಯಕ್ಕೆ ಹೆಸರು ಕೊಟ್ಟಳು. ಗರಿಕೆಗೆ ಎರಡು ಮರಿ. ಹೋದ ಮಳೆಗಾಲದಲ್ಲಿ ಅವಳ ಬಿಲ ತುಂಬಿ, ಮರಿಗಳನ್ನು ಒಂದು ಪೊದೆಯಡಿ ಕೂರಿಸಿಕೊಂಡು ತಾನೇ ಕೊಡೆಯಾಗಿ ನಿಂತಿದ್ದಳು. ಚಿಕ್ಕ ಮರಿಗೆ ಅವತ್ತು ಹಿಡಿದ ಕೆಮ್ಮು ಇನ್ನೂ ಬಿಟ್ಟಿರಲಿಲ್ಲ. ಮರಿ ಕೆಮ್ಮಿದಾಗಲೆಲ್ಲ ಗರಿಕೆಯ ಕಣ್ಣು ಆಚೆ ದಡದ ಬಂಡೆಗವಿಯ ಕಡೆ ಹೋಗುತ್ತಿತ್ತು.

ತಾಲೀಮಿನ ಮೊದಲ ದಿನ ಅವಳು ಗುಡ್ಡ ಹತ್ತಿ ಇಳಿದಳು. ಬೆಣ್ಣಪ್ಪ ಬಾಯಿ ಬಿಟ್ಟುಕೊಂಡು ನೋಡಿದ.

"ಅಮ್ಮಣ್ಣೀ! ಅದೇನು ಓಟ! ನಿನ್ನ ಹಿಂದೆ ಗಾಳಿ ಕುಂಟುತ್ತೆ ಕಣವ್ವಾ!"

ಗರಿಕೆಯ ಕಿವಿ ಎರಡೂ ಸೆಟೆದು ನಿಂತವು. "ನೀರಿಗೆ ಯಾವತ್ತು ಇಳಿಯೋದು ಮೇಷ್ಟ್ರೇ? ನನಗೆ ನೀರು ಕಂಡರೆ ಎದೆ ಡವಡವ."

"ನೀರಾ? ಛೇ ಛೇ. ಬರೋದನ್ನ ಬಿಟ್ಟು ಬಾರದ್ದಕ್ಕೆ ಯಾಕೆ ಕೈ ಹಾಕ್ತೀಯ? ಓಟ ಓಡು, ಇನ್ನೂ ಓಡು. ಇಷ್ಟು ಓಡೋಳಿಗೆ ಕೆರೆ ತಾನಾಗೇ ದಾರಿ ಬಿಡುತ್ತೆ." ಆಮೇಲೆ ಹತ್ತಿರ ಬಂದು ಪಿಸುಗುಟ್ಟಿದ. "ನಿನ್ನಂಥವಳು ಕಾಡಿಗೊಬ್ಬಳೇ. ಯಾರಿಗೂ ಹೇಳಬೇಡ, ಹೊಟ್ಟೆ ಉರ್ಕೋತಾರೆ."

ಗರಿಕೆ ಮನೆಗೆ ನಡೆದು ಹೋಗಲಿಲ್ಲ. ತೇಲಿಕೊಂಡು ಹೋದಳು. ಹೊಗಳಿಕೆ ಅನ್ನೋದು ಅಂಥದ್ದು. ಹೊಟ್ಟೆಗೆ ಏನೂ ಬೀಳಲ್ಲ, ತೇಗು ಮಾತ್ರ ಬರುತ್ತೆ.

ದಿನ ದಿನ ಓಟ. ದಿನ ದಿನ ಹೊಗಳಿಕೆ. ಪಂದ್ಯ ಹತ್ತಿರ ಬಂತು. ಒಂದು ಬೆಳಗ್ಗೆ ಗರಿಕೆ ಓಡುತ್ತಾ ಗುಡ್ಡದ ಬುಡಕ್ಕೆ ಬಂದರೆ ಅಲ್ಲಿ ಮುಳುಗಪ್ಪ ಎಂಬ ನೀರುನಾಯಿ ನಾಲಗೆ ಹೊರಹಾಕಿ ಅಂಗಾತ ಬಿದ್ದಿದ್ದ.

"ಅಯ್ಯೋ ಮುಳುಗಣ್ಣ! ಏನಾಯ್ತು?"

"ಗುಡ್ಡ ಹತ್ತಿದೆ ತಂಗಿ."

"ಎಲ್ಲೀವರೆಗೆ?"

"ಇಲ್ಲೀವರೆಗೆ."

ಗರಿಕೆಗೆ ನಗು ತಡೆಯಲಾಗಲಿಲ್ಲ. ಅವನು ಬಿದ್ದಿದ್ದದ್ದು ಗುಡ್ಡ ಶುರುವಾಗುವ ಕಲ್ಲಿನ ಹತ್ತಿರ.

"ನಗಬೇಡ. ಮೇಷ್ಟ್ರು ನನ್ನನ್ನ ಬರೀ ಈಜಿಸ್ತಾರೆ. ಗುಡ್ಡದ ಮಾತೆತ್ತಿದರೆ, ಇಷ್ಟು ಈಜೋನಿಗೆ ಗುಡ್ಡ ತಾನಾಗೇ ಬಗ್ಗುತ್ತೆ ಅಂತಾರೆ. ನಿನ್ನೆ ನಮ್ಮ ಮನೆಯವಳು ಉಗಿದಳು. ಗುಡ್ಡ ಏನು ನಿಮ್ಮನ್ನ ಹುಡುಕ್ಕೊಂಡು ಕೆರೆಗೆ ಇಳಿದು ಬರುತ್ತಾ ಅಂತ. ಅದಕ್ಕೇ ಕದ್ದು ಬಂದೆ." ಮುಳುಗಪ್ಪ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ. "ನಿನಗೊಂದು ಗುಟ್ಟು ಹೇಳ್ತೀನಿ. ಬೇಜಾರು ಮಾಡ್ಕೋಬೇಡ. ನನ್ನಂಥವನು ಕಾಡಿಗೊಬ್ಬನೇ ಅಂತೆ."

ಗರಿಕೆಯ ನಗು ನಿಂತಿತು. "ಯಾರಿಗೂ ಹೇಳಬೇಡ, ಹೊಟ್ಟೆ ಉರ್ಕೋತಾರೆ ಅಂತಲೂ ಹೇಳಿದರಾ?"

"ನಿನಗೆ ಹೇಗೆ ಗೊತ್ತು?"

ಅಷ್ಟರಲ್ಲಿ ಮೇಲಿನಿಂದ ಗಡಗಡ ಸದ್ದು. ಒಂದು ಚಿಪ್ಪಿನ ಉಂಡೆ ಉರುಳಿ ಬಂದು, ಪೊದೆಗೆ ಬಡಿದು, "ನನಗೂ ಕಾಡಿಗೊಬ್ಬಳೇ ಅಂದಿದ್ದಾರೆ" ಎಂದು ಗರಿಕೆ ಅನ್ನುತ್ತಿರುವಾಗಲೇ ನಿಧಾನವಾಗಿ ಬಿಚ್ಚಿಕೊಂಡಿತು. ಒಳಗಿನಿಂದ ಚಿಪ್ಪಯ್ಯ ಎಂಬ ಚಿಪ್ಪುಹಂದಿ ಮೂತಿ ಹೊರಹಾಕಿದ.

"ನಿಮಗೂ ಹೇಳಿದರಾ?" ಎಂದ ಚಿಪ್ಪಯ್ಯ. "ಕಾಡಿಗೊಬ್ಬನೇ ಅಂತ?"

ಮೂವರೂ ಮುಖ ಮುಖ ನೋಡಿಕೊಂಡರು. ಒಂದು ಕಾಡಿಗೆ ಒಬ್ಬೊಬ್ಬರಂತೆ ಮೂವರು! ಚಿಪ್ಪಯ್ಯ ಕಾಲಲ್ಲೂ ನಿಧಾನ, ಮಾತಲ್ಲೂ ನಿಧಾನ. ತುಂಬ ಹೊತ್ತು ಮಣ್ಣು ಕೆರೆದ ಮೇಲೆ ಒಂದು ಮಾತು ಹೊರಗೆ ಬಿಟ್ಟ.

"ಅಲ್ಲಾ... ಯಾರೂ ಮುಗಿಸದಿದ್ದರೆ ಗವಿ ಯಾರದ್ದು?"

ಉತ್ತರ ಆಚೆ ದಡದಲ್ಲಿ ಎಲೆ ಹೊದ್ದುಕೊಂಡು ಗೊರಕೆ ಹೊಡೆಯುತ್ತಿತ್ತು.

"ಬೆಣ್ಣೆ ಹಚ್ಚಿ ಬೆಣ್ಣೆ ಹಚ್ಚಿ ನಮ್ಮನ್ನ ಜಾರಿಸಿಬಿಟ್ಟನಲ್ಲ!" ಎಂದು ಮುಳುಗಪ್ಪ ಎದ್ದು ಕೂತ. "ನಡೀರಿ, ಅವನ ಎಲೆ ಹರಿದು ಬರೋಣ."

"ಎಲೆ ಹರಿದರೆ ನನಗೆ ಈಜು ಬರುತ್ತಾ ಅಣ್ಣಾ?" ಎಂದಳು ಗರಿಕೆ. "ನಿನಗೆ ಬರೋದನ್ನ ನನಗೂ ಚಿಪ್ಪಯ್ಯಮಾವನಿಗೂ ಕಲಿಸು. ನನಗೆ ಬರೋದನ್ನ ನಿಮ್ಮಿಬ್ಬರಿಗೂ ಕಲಿಸ್ತೀನಿ. ಮಾವ ನಮ್ಮಿಬ್ಬರಿಗೂ ಉರುಳೋದು ಕಲಿಸಲಿ. ಆಮೇಲೆ ಗೆದ್ದವರು ಗೆಲ್ಲಲಿ."

ಮಾರನೇ ದಿನದಿಂದ ಕಾಡುಕೋಳಿ ಕೂಗುವ ಮೊದಲೇ ಮೂವರೂ ಕೂಡುತ್ತಿದ್ದರು. ಬೆಳಕಾದ ಮೇಲೆ ಏನೂ ಗೊತ್ತಿಲ್ಲದವರ ಹಾಗೆ ಮೇಷ್ಟ್ರ ಹತ್ತಿರ ಹೋಗಿ ಹೊಗಳಿಸಿಕೊಂಡು ಬರುತ್ತಿದ್ದರು.

ಈಜಿನ ಪಾಠ ಗರಿಕೆಗೆ ಪ್ರಾಣಸಂಕಟ. ಮೊದಲ ದಿನ ಅವಳು ಮುಳುಗಪ್ಪನ ಕುತ್ತಿಗೆಗೆ ಜೋತುಬಿದ್ದಳು.

"ಬಿಡವ್ವಾ, ಉಸಿರು ಕಟ್ಟುತ್ತೆ! ನಾನು ನೀರುನಾಯಿ, ಮರದ ಕೊಂಬೆಯಲ್ಲ!"

"ಬಿಟ್ಟರೆ ಮುಳುಗ್ತೀನಿ!"

"ಇಲ್ಲಿ ನೀರು ನಿನ್ನ ಮೊಣಕಾಲಿಗಿದೆ. ನಿಂತ್ಕೋ."

ನಿಂತಳು. ನಿಜ, ಮೊಣಕಾಲಿಗೇ ಇತ್ತು. ಇನ್ನಷ್ಟು ಒಳಗೆ ಹೋದಳು. ನೀರು ಕುಡಿದಳು, ಕೆಮ್ಮಿದಳು, ಮತ್ತೆ ಹೋದಳು. "ನೀರನ್ನ ತಬ್ಬಬೇಡ, ಹಿಂದಕ್ಕೆ ತಳ್ಳು" ಎನ್ನುತ್ತಿದ್ದ ಮುಳುಗಪ್ಪ. ಒಂದು ಮುಂಜಾನೆ ಅವನು ಕೈ ಬಿಟ್ಟಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ತಿರುಗಿ ನೋಡಿದರೆ ದಡ ದೂರವಿತ್ತು. ಅವಳು ನೀರಿನ ಮೇಲಿದ್ದಳು.

ಉರುಳುವಾಗ ಗರಿಕೆಯ ಕಿವಿ ಅಡ್ಡ, ಮುಳುಗಪ್ಪನ ಬಾಲ ಅಡ್ಡ. "ಮೈಯಲ್ಲಿರೋದನ್ನೆಲ್ಲ ಹೊಟ್ಟೆಯೊಳಕ್ಕೆ ಮಡಚಿ" ಎಂದ ಚಿಪ್ಪಯ್ಯ. "ಉರುಳಿ ಎದ್ದ ತಕ್ಷಣ ಓಡಬೇಡಿ. ತಲೆ ಗಿರ್ರ್ ಅನ್ನುತ್ತೆ, ದಿಕ್ಕು ತಪ್ಪುತ್ತೆ. ಒಂದು ಮರ ನೋಡ್ತಾ ನಿಲ್ಲಿ. ಮರ ಕುಣಿಯೋದು ನಿಲ್ಲಿಸಿದ ಮೇಲೆ ನೀರಿಗಿಳೀರಿ." ಗರಿಕೆ ಅವರಿಬ್ಬರನ್ನೂ ಗುಡ್ಡ ಹತ್ತಿಸಿದಳು. "ನೆತ್ತಿ ನೋಡಬೇಡಿ, ಎದೆ ಒಡೆಯುತ್ತೆ. ಮುಂದಿನ ಪೊದೆ ನೋಡಿ. ಅದು ಬಂತಾ? ಅದರ ಮುಂದಿನ ಪೊದೆ." ಪೊದೆಗೆ ಪೊದೆ ಸೇರಿಸಿ ಮುಳುಗಪ್ಪ ಒಂದು ದಿನ ನೆತ್ತಿ ತಲುಪಿದ. ಅಲ್ಲಿಂದ ಕೆರೆಗಳೆಲ್ಲ ಒಟ್ಟಿಗೆ ಕಂಡವು. ಹುಟ್ಟಿದಾಗಿನಿಂದ ನೀರಲ್ಲೇ ಇದ್ದವನು, ನೀರು ಇಷ್ಟು ಚೆಂದ ಎಂದು ಅವತ್ತು ನೋಡಿದ.

ಪಂದ್ಯದ ದಿನ ಬಂತು. ಆನೆಯಜ್ಜಿ ಆಚೆ ದಡದಲ್ಲಿ ಸೊಂಡಿಲೆತ್ತಿ ಘೀಳಿಟ್ಟಳು. ಗರಿಕೆಯ ಮರಿಗಳು ಅಜ್ಜಿಯ ಕಾಲ ಬಳಿ ಕೂತಿದ್ದವು. ಓಟ ಶುರುವಾಯಿತು. ಹಾರಿ ಹಾರಿಯೇ ತಾಲೀಮು ಮಾಡಿದ್ದ ಕೋತಿಗಳು ಎರಡನೇ ಗುಡ್ಡದಲ್ಲಿ ಮರ ಹತ್ತಿ ಕೂತುಬಿಟ್ಟವು. ಕಾಡುಹಂದಿ ನೆತ್ತಿಯವರೆಗೆ ಬಂದ. ಕೆಳಗೆ ನೋಡಿ, "ನಮ್ಮ ವಂಶದಲ್ಲಿ ಯಾರೂ ಉರುಳಿಲ್ಲ" ಎಂದು ವಾಪಸು ಹೋದ.

ಗುಡ್ಡದ ಬುಡದಲ್ಲಿ, ಕೆರೆಯಂಚಿನ ಬಂಡೆಯ ಮೇಲೆ ಬೆಣ್ಣಪ್ಪ ಕೂತಿದ್ದ. ಈ ವರ್ಷದ ಸೋಲು ನೋಡಲು ಬೆಳಗ್ಗೆಯೇ ಕೆರೆ ಸುತ್ತಿಕೊಂಡು ಬಂದಿದ್ದ. ನೋಡಿದರೆ ಮೇಲಿನಿಂದ ಒಂದು ಉಂಡೆ ಉರುಳಿ ಬರುತ್ತಿದೆ. ಅದು ಚಿಪ್ಪುಹಂದಿಯಲ್ಲ, ಮೊಲ! ಬೆಣ್ಣಪ್ಪನ ಹೆಗಲಿನ ಎಲೆ ಜಾರಿ ಬಿತ್ತು.

ಗರಿಕೆ ಎದ್ದು ನಿಂತಳು. ಲೋಕ ಸುತ್ತುತ್ತಿತ್ತು.

"ಶಭಾಷ್ ಮಗಳೇ!" ಬೆಣ್ಣಪ್ಪ ಓಡಿ ಬಂದ. "ಕೆರೆ ಆ ಕಡೆ! ಆ ಬಿದಿರಿನ ಹಿಂದೆ! ಓಡು, ಓಡು, ನಿನ್ನಂಥ ಓಟ ಯಾರಿಗಿದೆ!"

ಬಿದಿರಿನ ಹಿಂದೆ ಇದ್ದದ್ದು ಬಂದ ದಾರಿ. ಗರಿಕೆಯ ಕಾಲು ಹೊರಟೇಬಿಟ್ಟಿತ್ತು. ಆದರೆ ಅವಳು ಕಾಲನ್ನು ತಡೆದು, ಒಂದು ಮತ್ತಿಮರವನ್ನೇ ನೋಡುತ್ತಾ ನಿಂತಳು. ಮರ ಕುಣಿಯಿತು, ತೂಗಿತು, ನಿಂತಿತು. ಕೆರೆ ಎದುರಿಗೇ ಇತ್ತು.

"ದಾರಿ ಬಿಡಿ ಮೇಷ್ಟ್ರೇ."

"ಬಿಡಲ್ಲ! ನಿನಗೆ ಈಜು ಬರಲ್ಲ! ನಾನು ಕಲಿಸೇ ಇಲ್ಲ!" ಬೆಣ್ಣಪ್ಪ ಕೆರೆಯಂಚಿನಲ್ಲಿ ನಾಲ್ಕೂ ಕಾಲು ಅಗಲಿಸಿ ನಿಂತ. ಅಡ್ಡ ನಿಲ್ಲುವ ಆತುರದಲ್ಲಿ, ತಾನು ನಿಂತದ್ದು ಎಲ್ಲರೂ ಉರುಳಿ ಬರುವ ಜಾಗ ಎನ್ನುವುದನ್ನೇ ಮರೆತಿದ್ದ. ಗಡಗಡ ಗಡಗಡ. ಚಿಪ್ಪಯ್ಯ ಮುಖ ಮಡಚಿಕೊಂಡಿದ್ದರಿಂದ ಏನೂ ಕಾಣುತ್ತಿರಲಿಲ್ಲ. ಧಡ್! ಬೆಣ್ಣಪ್ಪ ಗಾಳಿಯಲ್ಲಿ ಒಂದು ಸುತ್ತು ಸುತ್ತಿ ಕೆರೆಗೆ ಬಿದ್ದ.

ಗರಿಕೆ ನೀರಿಗಿಳಿದಳು. ತಬ್ಬಬೇಡ, ತಳ್ಳು. ತಬ್ಬಬೇಡ, ತಳ್ಳು. ಕೈಕಾಲು ಬಡಿಯುತ್ತಿದ್ದ ಬೆಣ್ಣಪ್ಪನನ್ನು ದಾಟಿ ಹೋಗುವಾಗ ಅವನು ಹಿಂದಿನಿಂದ ಅವಳ ಕಾಲು ಹಿಡಿದುಕೊಂಡ. ಇಬ್ಬರೂ ಮುಳುಗಿದರು. ಗರಿಕೆಗೆ ನೀರೊಳಗೆ ಹಸಿರು ಬಿಟ್ಟರೆ ಏನೂ ಕಾಣಲಿಲ್ಲ. ಮೂಗಿಗೆ ನೀರು ನುಗ್ಗಿತು. ಇನ್ನೇನು ಉಸಿರು ಮುಗಿಯಿತು ಅನ್ನುವಾಗ ಕಾಲು ಸಡಿಲವಾಯಿತು. ಮೇಲೆ ಬಂದು ನೋಡಿದಳು. ಆಗಷ್ಟೇ ಗುಡ್ಡ ಉರುಳಿ ನೀರಿಗಿಳಿದ ಮುಳುಗಪ್ಪ ನರಿಯ ಕುತ್ತಿಗೆ ಹಿಂಭಾಗ ಕಚ್ಚಿ ಹಿಡಿದಿದ್ದ. "ಕಾಪಾಡ್ರೋ! ಸತ್ತೆ! ಅಯ್ಯಯ್ಯೋ!" ಎಂದು ನರಿ ಬಾಯಿ ಬಡಿದುಕೊಳ್ಳುತ್ತಿದ್ದ. ಮುಳುಗಪ್ಪ ಹಿಡಿತವನ್ನು ಹಲ್ಲಿಂದ ಕೈಗೆ ಬದಲಿಸಿ ಗದರಿದ.

"ಕಾಲು ಆಡಿಸಿ ಮೇಷ್ಟ್ರೇ, ಬಾಯಲ್ಲ!" ಆಮೇಲೆ ಗರಿಕೆಯ ಕಡೆ ತಿರುಗಿದ. "ನೀನು ಹೋಗು ತಂಗಿ. ಇವನನ್ನ ದಡಕ್ಕೆ ಎಸೆದು ಬರ್ತೀನಿ."

ಗರಿಕೆ ಹೋದಳು. ಕೆರೆಯ ನಡುವೆ ಕೈ ಸೋತಿತು. ಆಚೆ ದಡದಿಂದ ಸಣ್ಣಗೆ ಒಂದು ಕೆಮ್ಮು ಕೇಳಿಸಿತು. ಕೈ ಮತ್ತೆ ಆಡಿತು. ಅವಳ ಮೂಗು ಆನೆಯಜ್ಜಿಯ ಕಾಲಿಗೆ ತಾಗಿದ ಮೇಲೇ ದಡ ಬಂತೆಂದು ಅವಳಿಗೆ ತಿಳಿದದ್ದು.

"ಗೆದ್ದೆ ಕಣೇ!" ಎಂದಳು ಅಜ್ಜಿ.

ಗರಿಕೆ ನೀರು ಉಗುಳಿ ತಲೆ ಅಲ್ಲಾಡಿಸಿದಳು. "ಇಲ್ಲಜ್ಜಿ. ಮುಳುಗಣ್ಣ ನನಗೋಸ್ಕರ ಹಿಂದೆ ಉಳಿದ. ಇಲ್ಲದಿದ್ದರೆ ಅವನೇ ಮೊದಲು. ಗವಿ ಅವನದ್ದು." ಹೇಳಿ ಮರಿಗಳ ಮುಖ ನೋಡಲಾಗದೆ ನೆಲ ನೋಡಿದಳು.

ಅಷ್ಟರಲ್ಲಿ ಮುಳುಗಪ್ಪ ಬಂದು ಮುಟ್ಟಿದ. ಅವನ ಹಿಂದೆಯೇ ಚಿಪ್ಪಯ್ಯ.

"ಗವಿಯಾ? ನನಗಾ?" ಎಂದ ಮುಳುಗಪ್ಪ. "ಒಣ ಜಾಗದಲ್ಲಿ ಮಲಗಿದರೆ ನನ್ನ ಮೈ ಬಿರಿಯುತ್ತಜ್ಜಿ!"

"ಮತ್ತೆ ಪಂದ್ಯಕ್ಕೆ ಯಾಕೆ ಬಂದೆಯೋ?"

ಮುಳುಗಪ್ಪ ಮೀಸೆ ಒರೆಸಿಕೊಂಡ. "ಕಾಡಿಗೊಬ್ಬನೇ ಅಂದರಲ್ಲ... ನಂಬಿಬಿಟ್ಟೆ."

"ನಾನೂ" ಎಂದ ಚಿಪ್ಪಯ್ಯ.

ಆನೆಯಜ್ಜಿ ನಕ್ಕ ನಗುವಿಗೆ ಕೆರೆಯಲ್ಲಿ ಅಲೆ ಎದ್ದಿತು. ಗವಿ ಗರಿಕೆಯದ್ದಾಯಿತು. ಸಂಜೆಯ ಹೊತ್ತಿಗೆ ಬೆಣ್ಣಪ್ಪ ಕೆರೆ ಸುತ್ತಿ ಬಂದು, ಸೀನುತ್ತಾ ಗವಿಯ ಬಾಗಿಲಲ್ಲಿ ನಿಂತ.

"ಒಂದು ಮೂಲೆ ಕೊಡು ತಾಯೀ. ಮಳೆ ಬರೋ ಹಾಗಿದೆ."

ಗರಿಕೆ ಒಳ್ಳೆಯವಳು ನಿಜ. ಆದರೆ ಪಂದ್ಯ ಮುಗಿದಿತ್ತು, ಅವನು ನರಿ, ಅವಳು ಮೊಲ. ಅಷ್ಟು ದಡ್ಡಿಯಲ್ಲ.

"ನನ್ನ ಹಳೇ ಬಿಲ ಖಾಲಿ ಇದೆ, ದೊಡ್ಡದು ಮಾಡ್ಕೊಳ್ಳಿ. ನೀರು ಬರುತ್ತೆ. ಅದಕ್ಕೇ ಹೇಳ್ತೀನಿ, ನಾಳೆ ಬೆಳಗ್ಗೆ ಬಂದುಬಿಡಿ. ಮುಳುಗಣ್ಣ ಈಜು ಕಲಿಸ್ತಾನೆ. ಕೋತಿಗಳೂ ಬರ್ತಾವಂತೆ."

ಮಾರನೇ ಬೆಳಗ್ಗೆ ಕೆರೆಯಂಚಿನಲ್ಲಿ ದೊಡ್ಡ ಗಲಾಟೆ. ಕೋತಿಗಳು ನೀರಿಗೆ ಕಾಲಿಟ್ಟು ಕಿರುಚುತ್ತಿದ್ದವು. ಕಾಡುಹಂದಿ ಸಣ್ಣ ದಿಬ್ಬದಿಂದ ಉರುಳಿ, "ನಮ್ಮ ವಂಶದಲ್ಲಿ ನಾನೇ ಮೊದಲು" ಎಂದು ಎದೆ ಉಬ್ಬಿಸುತ್ತಿದ್ದ. ಬೆಣ್ಣಪ್ಪ ಮೊಣಕಾಲುದ್ದದ ನೀರಿನಲ್ಲಿ ನಡುಗುತ್ತಾ ನಿಂತು, ಜೀವಮಾನದಲ್ಲಿ ಮೊದಲ ಸಲ ಒಂದು ಮಾತು ಹೇಳಿದ.

"ನನಗೆ ಬರಲ್ಲ. ಹೇಳಿಕೊಡಿ."

ಈಗ ನಿಜ ಹೇಳಿಬಿಡ್ತೀನಿ. ನರಿ ಕೆರೆಗೆ ಬಿದ್ದಲ್ಲಿಯವರೆಗೆ ಮಾತ್ರ ನಾನು ಕೇಳಿದ ಕಥೆ. ಆಮೇಲಿನದ್ದೆಲ್ಲ ನಾನೇ ಕಟ್ಟಿದ್ದು. ನನಗೆ ಹೇಳಿದವರು ನರಿಯನ್ನು ಅಲ್ಲೇ ಮುಳುಗಿಸಿ, ಕೈ ತೊಳೆದುಕೊಂಡು ಊಟಕ್ಕೆ ಎದ್ದುಬಿಟ್ಟಿದ್ದರು. ಮುಳುಗಿ ಸತ್ತವನಿಗೆ ಈಜು ಕಲಿಸೋದು ಹೇಗೆ? ಅದಕ್ಕೇ ಎತ್ತಿಬಿಟ್ಟೆ.

ನೀತಿ: ಬರುವುದನ್ನೇ ಹೊಗಳಿ ಕೂರಿಸುವವನು ಗುರುವಲ್ಲ, ಬಾರದ್ದನ್ನು ಕೈಹಿಡಿದು ಕಲಿಸುವವನೇ ಗುರು.