ಜೊತೆಯ್ಯ ಅನ್ನೋ ಹೆಸರು ಹುಟ್ಟಿದ್ದು

ಮುತ್ತಜ್ಜಿಯ ಮುತ್ತಜ್ಜಿ ಇನ್ನೂ ಕೂಸಾಗಿದ್ದ ಕಾಲದಲ್ಲಿ, ಹೊಳೆದಂಡೆಯ ಒಂದೂರಿನಲ್ಲಿ ಕೆಂಚವ್ವ ಅಂತ ಒಬ್ಬಳು ಮೇದರವಳಿದ್ದಳಂತೆ. ಊರಿನ ಮಕ್ಕಳೆಲ್ಲ ಅವಳು ಹೆಣೆದ ಬಿದಿರಿನ ತೊಟ್ಟಿಲಲ್ಲೇ ಮಲಗಿ ಬೆಳೆದವಂತೆ. ಅವಳ ಸ್ವಂತ ಮನೆಯ ತೊಟ್ಟಿಲಲ್ಲಿ ಮಾತ್ರ ಒಂದು ಕೂಸೂ ಉಳಿಯಲಿಲ್ಲ.

ಮೊದಲನೇದು ಹುಟ್ಟಿತು. ಹನ್ನೆರಡನೇ ದಿನ ಸೋದರತ್ತೆ ಕಿವಿಯಲ್ಲಿ "ಚೆನ್ನ" ಅಂದಳು. ತೊಟ್ಟಿಲ ಕೆಳಗಿಂದ ಯಾರೋ "ಚೆನ್ನ, ಚೆನ್ನ, ಚೆನ್ನ" ಅಂದಂಗಾಯ್ತಂತೆ. ಹೊತ್ತು ಮುಳುಗೋದರೊಳಗೆ ಕೂಸು ತಣ್ಣಗಾಗಿತ್ತು. ಎರಡನೇದಕ್ಕೆ "ಮಾದ" ಅಂದರು. ಕೆಳಗಿಂದ "ಮಾದ, ಮಾದ, ಮಾದ." ಅದೂ ಹೋಯಿತು. ಮೂರನೇದಕ್ಕೆ "ಈರ" ಅಂದರು. ಅದೂ ಹೋಯಿತು.

ನಾಲ್ಕನೇದೂ ಗಂಡೇ. ಹನ್ನೆರಡನೇ ದಿನ ಕೆಂಚವ್ವ ನೆಂಟರನ್ನೆಲ್ಲ ಹೊರಗೆ ಕಳಿಸಿದಳು. ಗಂಡ ಬೊಮ್ಮನನ್ನ ಬಾಗಿಲಲ್ಲಿ ಕೂರಿಸಿ, ತಾನೊಬ್ಬಳೇ ತೊಟ್ಟಿಲ ಪಕ್ಕ ಕೂತಳಂತೆ. ನಡು ಮಧ್ಯಾಹ್ನ. ಮನೆಯೊಳಗೆ ಹೊಳೆಮಡುವಿನ ಕೆಸರು ವಾಸನೆ ಬಂತು. ನೆಲದ ಮೇಲೆ ಬೆರಳುದ್ದದ ಒದ್ದೆ ಹೆಜ್ಜೆ ಮೂಡಿದವು, ಒಂದಾದ ಮೇಲೊಂದು.

"ಅವ್ವಾ, ಇವತ್ತು ಹೆಸರಿಲ್ವಾ?"

ಕೆಂಚವ್ವ ತೊಟ್ಟಿಲ ಕೆಳಗೆ ಬಗ್ಗಿ ನೋಡಿದಳು, ಯಾರೂ ಕಾಣಲಿಲ್ಲ. "ಯಾರೋ ನೀನು?"

"ಗೊತ್ತಿಲ್ಲ. ನನಗ್ಯಾರೂ ಹೇಳಲಿಲ್ಲ. ಮಡುವಿನ ದಂಡೇಲಿ ಹುಟ್ಟಿದೆ. ಅವ್ವ ಸತ್ತಳು, ನಾನೂ ಸತ್ತೆ. ಹೆಸರಿಡೋಕೆ ಮುಂಚೇನೇ ಹೂತುಬಿಟ್ಟರು. ನೀನು ಬಿದಿರು ನೆನೆಹಾಕೋಕೆ ಬಂದಾಗ ನಿನ್ನ ಹಿಂದೆ ಬಂದೆ."

"ನನ್ನ ಮೂರು ಕೂಸು ತಿಂದೆಯಲ್ಲೋ!"

"ತಿನ್ನಲಿಲ್ಲವ್ವಾ. ಹೆಸರು ತಗೊಂಡೆ. ಒಂದೂ ನನಗೆ ನಿಲ್ಲಲಿಲ್ಲ."

ಕೆಂಚವ್ವ ಒಲೆಯಿಂದ ಕೊಳ್ಳಿ ಹಿರಿದು ತಂದಳಂತೆ. ಅಷ್ಟರಲ್ಲಿ ಅದು ಅಳೋಕೆ ಶುರುಮಾಡಿತು. ಹಸಿದ ಎಳೆಗೂಸು ಅಳೋ ಹಂಗೇ. ಅವಳ ಮನಸ್ಸು ಬೇಡ ಅಂತಿದ್ದರೂ ಎದೆ ಕೇಳಲಿಲ್ಲ, ಹಾಲು ಸುರಿದು ಕುಪ್ಪಸ ನೆನೆಯಿತು. ಕೊಳ್ಳಿಯನ್ನ ಬೂದಿಗೆ ಒತ್ತಿದಳು. ತನ್ನ ಕೂಸನ್ನೆತ್ತಿ ಬೊಮ್ಮನ ತೊಡೆ ಮೇಲಿಟ್ಟಳು.

"ಬಾ, ಹತ್ತು" ಅಂದಳು.

ಖಾಲಿ ತೊಟ್ಟಿಲು ಕಿರ್ ಅಂತ ಜಗ್ಗಿತಂತೆ. ಕೆಂಚವ್ವ ಬಗ್ಗಿದಳು. ತುಟಿಗೆ ತಣ್ಣನೆ ಒದ್ದೆ ಕಿವಿ ತಾಕಿತು. ಅಲ್ಲಿವರೆಗೂ ಯಾರೂ ಇಟ್ಟಿರದ ಹೆಸರೊಂದನ್ನ ಮೂರು ಸಲ ಹೇಳಿದಳು: "ಜೊತೆಯ್ಯ, ಜೊತೆಯ್ಯ, ಜೊತೆಯ್ಯ."

ಅದು ಕಿಲಕಿಲ ನಕ್ಕಿತು. "ತಮ್ಮನಿಗೆ?"

"ಅವನಿಗೂ ಅದೇ. ಒಂದೇ ಹೆಸರು, ಇಬ್ಬರಿಗೂ. ಇನ್ನು ನೀನು ಯಾರದನ್ನೂ ಕಿತ್ಕೋಬೇಕಾಗಿಲ್ಲ."

ತೊಟ್ಟಿಲು ಹಗುರಾಯ್ತು. ನೆಲದ ಹೆಜ್ಜೆ ಆರಿದವು. ಹೊತ್ತು ಮುಳುಗಿತು, ಕೂಸು ಉಸಿರಾಡುತ್ತಲೇ ಇತ್ತು. ಬೆಳಗಾಯಿತು, ಆಗಲೂ ಉಸಿರಾಡುತ್ತಿತ್ತು.

ಸುದ್ದಿ ಹಬ್ಬಿತು. ಹೆಸರು ಹಂಚಿಕೊಂಡ ಮಕ್ಕಳನ್ನ ಅದು ಮುಟ್ಟಲ್ಲ ಅಂತ ಹಟ್ಟಿಗೊಬ್ಬ ಜೊತೆಯ್ಯನಾದ. ಹೆರಿಗೆಗೆ ಬಂದ ಹೆಣ್ಣುಮಕ್ಕಳು ಆ ಹೆಸರನ್ನ ಗಂಡನ ಊರುಗಳಿಗೂ ಒಯ್ದರಂತೆ. ಕುಂಟ ಜೊತೆಯ್ಯ, ಕೆಂಪು ಜೊತೆಯ್ಯ, ಮೇಲಿನಮನೆ ಜೊತೆಯ್ಯ ಅಂತ ಗುರುತು ಹಚ್ಚಿ ಕರೆಯೋ ಹಂಗಾಯ್ತು.

ಕೆಂಚವ್ವ ಮುಪ್ಪಾಗೋವರೆಗೂ ಬದುಕಿದಳು. ಕಣ್ಣ ಮುಂದೆ ಮಗ ಒಬ್ಬನೇ ಓಡಾಡುತ್ತಿದ್ದ. ಆದರೂ ಹೊಸಬರು ಯಾರಾದರೂ "ನಿನಗೆ ಮಕ್ಕಳೆಷ್ಟವ್ವಾ?" ಅಂತ ಕೇಳಿದರೆ, ಬಿದಿರು ಸೀಳುತ್ತ, ತಲೆ ಎತ್ತದೆ, "ಐದು" ಅಂತಿದ್ದಳಂತೆ.

ಅವಳ ಐವರೂ ಅಲ್ಲಿ ತಣ್ಣಗಿರಲಿ, ಕೇಳಿದವರ ಮನೆಯ ಕೂಸುಗಳು ಇಲ್ಲಿ ಬೆಚ್ಚಗಿರಲಿ.